ಲಾಳಿಗೆ ಬೀಳುವ ಏಟು

ದೊಡ್ಡಬಳ್ಳಾಪುರದ ನೇಕಾರರ ಓಣಿಗಳಿಗೆ ಹೋಗಿ ನೋಡಿ ವೀಕ್ಷಕರೇ. ಟಕ್ ಟಕ್ ಟಕ್, ಬೆಳಗಿನಿಂದ ರಾತ್ರಿವರೆಗೂ ಅದೇ. ಮನೆಗೆ ಅಂಟಿಕೊಂಡೇ ಮಗ್ಗ. ಪಕ್ಕದಲ್ಲಿ ನಿಂತವರ ಜೊತೆ ಮಾತಾಡಬೇಕಾದ್ರೂ ಕೂಗಬೇಕು. ಆ ಸದ್ದು ಎಲ್ಲಿಂದ ಬರುತ್ತೆ?

ಮೋಟರ್ ಸುತ್ತ ತಿರುಗುತ್ತೆ. ಆದರೆ ಲಾಳಿ ತಿರುಗಬೇಕಾಗಿಲ್ಲ, ಆ ಕಡೆಯಿಂದ ಈ ಕಡೆಗೆ ನೇರವಾಗಿ ಓಡಬೇಕು. ಅದಕ್ಕೇ ಬೆಲ್ಟು, ಕ್ಯಾಮು, ಕೊನೆಗೆ ಒಂದು ಕೋಲು. ಆ ಕೋಲು ಲಾಳಿಗೆ ಬಾರಿಸುತ್ತೆ, ಎದುರಿನ ಪೆಟ್ಟಿಗೆ ಅದನ್ನು ಗಕ್ಕನೆ ತಡೆಯುತ್ತೆ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ! ಗುರಿ ತಪ್ಪಿದ ಲಾಳಿ ಹಾರಿ ಬಂದು ಮುಖಕ್ಕೆ ಹೊಡೆಯೋದೂ ಉಂಟು.

ಈ ಕೋಲೇ ಬೇಡ ಅಂತ ಯೋಚಿಸಿದವರು ಎರಿಕ್ ಲೇಥ್‌ವೇಟ್. 1921ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಹುಟ್ಟಿದವರು, ಅದೂ ಮಗ್ಗಗಳ ಸೀಮೆಯೇ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅವರು ಕೈಹಾಕಿದ್ದು ಲೀನಿಯರ್ ಮೋಟರ್‌ಗೆ. ಏನಪ್ಪಾ ಅದು ಅಂದ್ರೆ, ದುಂಡನೆಯ ಮೋಟರನ್ನು ಒಂದು ಕಡೆ ಕತ್ತರಿಸಿ ಚಾಪೆಯ ಹಾಗೆ ಬಿಡಿಸಿ ಹಾಸಿದಂತೆ. ಆಗ ಒಳಗಿನ ಕಾಂತಕ್ಷೇತ್ರ ಸುತ್ತೋದಿಲ್ಲ, ನೆಟ್ಟಗೆ ಓಡುತ್ತೆ. ಮೇಲಿಟ್ಟ ಲೋಹದ ಪಟ್ಟಿಯನ್ನು ಮುಟ್ಟದೇ ತಳ್ಳಿಕೊಂಡು ಹೋಗುತ್ತೆ. ಹಲ್ಲುಚಕ್ರ ಇಲ್ಲ, ಬೆಲ್ಟ್ ಇಲ್ಲ, ಏಟು ಇಲ್ಲ.

ಮಗ್ಗದಲ್ಲಿ ಮಾತ್ರ ಅದು ನೆಲೆ ನಿಲ್ಲಲಿಲ್ಲ. ಒಂದೆರಡು ಮೀಟರ್ ಓಟ, ಅಷ್ಟರಲ್ಲೇ ವೇಗ ಕೊಡಬೇಕು, ಅಷ್ಟರಲ್ಲೇ ಕಿತ್ತುಕೊಳ್ಳಬೇಕು. ಅಷ್ಟು ಹೊತ್ತಿಗೆ ರೇಪಿಯರ್, ಏರ್‌ಜೆಟ್ ಮಗ್ಗಗಳು ಬಂದು ಲಾಳಿಯನ್ನೇ ತೆಗೆದುಹಾಕಿದವು. ಲೇಥ್‌ವೇಟ್ ಅವರ ಮೋಟರ್ ರೈಲು ಹತ್ತಿತು. 1984ರಲ್ಲಿ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದ ತೇಲುವ ಗಾಡಿ ಓಡಿದ್ದು ಲೀನಿಯರ್ ಮೋಟರ್‌ನಿಂದ. ಶಾಂಘೈನಲ್ಲಿ ಇದೇ ಜಾತಿಯ ಮೋಟರ್ ರೈಲನ್ನು ಗಂಟೆಗೆ 430 ಕಿಲೋಮೀಟರ್ ವೇಗಕ್ಕೆ ಒಯ್ದಿದೆ. ಕಾರ್ಖಾನೆಗಳಲ್ಲಿ ಲೋಹ ಕೊರೆಯುವ ಯಂತ್ರದ ಮೇಜನ್ನೂ ಕೂದಲೆಳೆಯಷ್ಟು ಲೆಕ್ಕದಲ್ಲಿ ಇದೇ ಸರಿಸುತ್ತೆ.

ಲಾಳಿಗಾಗಿ ಹುಟ್ಟಿದ ಯೋಚನೆ ಜಗತ್ತನ್ನೆಲ್ಲ ಸುತ್ತಿತು, ನಮ್ಮ ಲಾಳಿ ಇನ್ನೂ ಏಟು ತಿಂತಾನೇ ಇದೆ. ಹೊಸ ಮಗ್ಗದ ಬೆಲೆ ಕೇಳಿದರೆ ಎರಡು ಮಗ್ಗ ಇಟ್ಟುಕೊಂಡ ಮನೆ ಸುಮ್ಮನಾಗುತ್ತೆ. ಸರ್ಕಾರ ಸಣ್ಣ ಮಗ್ಗಗಳಿಗೆ ಉಚಿತ ವಿದ್ಯುತ್ ಅಂದಿತು, ಒಳ್ಳೇದೇ. ಆದರೆ ಅದು ಬಿಲ್ಲಿನ ಮಾತಾಯ್ತು. ಆ ಸದ್ದಿನ ನಡುವೆಯೇ ಮಕ್ಕಳು ಹೋಂವರ್ಕ್ ಮಾಡ್ತಾರೆ. ಅವರ ಕಿವಿ ಹೇಗಿದೆ ಅಂತ ಪರೀಕ್ಷಿಸೋಕೆ ಯಾವ ಲೀನಿಯರ್ ಮೋಟರೂ ಬೇಕಾಗಿಲ್ಲ ಸ್ವಾಮಿ, ಓಣಿಗೊಂದು ಕ್ಯಾಂಪ್ ಸಾಕು.