ಸೋತರೆ ಲಾಭ ಯಾರಿಗೆ?

2024ರ ಏಪ್ರಿಲ್ 21, ಕೋಲ್ಕತ್ತದ ಈಡನ್ ಗಾರ್ಡನ್ಸ್. ಕೊನೆಯ ಓವರಿನಲ್ಲಿ ಆರ್‌ಸಿಬಿಗೆ 21 ರನ್ ಬೇಕು. ಬೌಲಿಂಗಿಗೆ ನಿಂತವರು ಮಿಚೆಲ್ ಸ್ಟಾರ್ಕ್, ಆ ವರ್ಷದ ಹರಾಜಿನಲ್ಲಿ 24.75 ಕೋಟಿ ರೂಪಾಯಿಗೆ ಹೋದವರು. ಬ್ಯಾಟ್ ಹಿಡಿದವರು ಕರ್ಣ್ ಶರ್ಮಾ, ಮೂಲತಃ ಸ್ಪಿನ್ನರ್. ಅವರು ಮೂರು ಸಿಕ್ಸರ್ ಎತ್ತಿದರು. ನೋಡುತ್ತಿದ್ದವರೆಲ್ಲ ಎದ್ದು ನಿಂತರು. ಅಷ್ಟರಲ್ಲಿ ಸ್ಟಾರ್ಕ್ ತಮ್ಮ ಬೌಲಿಂಗಿನಲ್ಲೇ ಕ್ಯಾಚ್ ಹಿಡಿದರು, ಕೊನೆಯ ಚೆಂಡಿಗೆ ಎರಡನೇ ರನ್ ಕದಿಯಲು ಹೋದ ಫರ್ಗುಸನ್ ರನೌಟ್. ಒಂದೇ ಒಂದು ರನ್ನಿನ ಸೋಲು. ಎಂಟು ಪಂದ್ಯಗಳಲ್ಲಿ ಏಳನೆಯ ಸೋಲು. ಪಾಯಿಂಟ್ ಪಟ್ಟಿಯಲ್ಲಿ ಹತ್ತನೇ ಸ್ಥಾನ, ಅದರ ಕೆಳಗೆ ಇನ್ಯಾರೂ ಇಲ್ಲ.

ಇಂಥ ರಾತ್ರಿ ಕಳೆದ ಬೆಳಗ್ಗೆ ಸೋಲೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಯಾವ ಮಾತು ಬರುತ್ತದೆ ಎಂಬುದನ್ನು ಊಹಿಸಲು ಜ್ಯೋತಿಷಿ ಬೇಕಾಗಿಲ್ಲ. ‘ಇನ್ನು ಉಳಿದಿದ್ದನ್ನೂ ಸೋತುಬಿಡ್ಲಿ ಬಿಡಪ್ಪ, ಆಗಲಾದರೂ ಇಡೀ ಟೀಮ್ ಎತ್ತಿ ಬಿಸಾಕ್ತಾರೆ!’ ಹೀಗೆ ಅನ್ನುವವನು ತಂಡದ ಶತ್ರುವೇನಲ್ಲ. ಹದಿನಾರು ವರ್ಷ ಕಾದು, ‘ಈ ಸಲ ಕಪ್ ನಮ್ದೇ’ ಎಂದು ಕೂಗಿ ಗಂಟಲು ಕಟ್ಟಿಸಿಕೊಂಡವನೇ. ಅವನ ಮಾತಿನಲ್ಲಿ ಸಿಟ್ಟೂ ಇದೆ, ಒಂದು ಲೆಕ್ಕವೂ ಇದೆ. ಸಿಟ್ಟನ್ನು ಒಪ್ಪಿಕೊಳ್ಳೋಣ. ಲೆಕ್ಕವನ್ನು ಮಾತ್ರ ಒರೆಗೆ ಹಚ್ಚಿ ನೋಡಬೇಕು.

ಈ ಲೆಕ್ಕದ ತವರು ಅಮೆರಿಕ. ಅಲ್ಲಿ ಫುಟ್‌ಬಾಲ್ ಎಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ, ಹೆಲ್ಮೆಟ್ ತೊಟ್ಟು ಗುದ್ದಾಡುವ ಆಟ. ಅದರ ವೃತ್ತಿಪರ ಲೀಗಿನಲ್ಲಿ ‘ಡ್ರಾಫ್ಟ್’ ಎಂಬ ಪದ್ಧತಿ ಇದೆ. ಕಾಲೇಜು ಮುಗಿಸಿ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಇದನ್ನು ಸೂಚಿಸಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್, ಜಾರಿಗೆ ಬಂದದ್ದು 1936ರಲ್ಲಿ. ಹಣವಂತ ತಂಡಗಳೇ ಪ್ರತಿ ವರ್ಷ ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಂಡರೆ ಉಳಿದವರ ಗತಿಯೇನು ಎಂಬ ನ್ಯಾಯವಾದ ಪ್ರಶ್ನೆಗೆ ಅದು ಉತ್ತರ. ಆದರೆ ಅದೇ ಉತ್ತರ ಸೋಲಿಗೊಂದು ಬಹುಮಾನವನ್ನೂ ಕಟ್ಟಿಬಿಟ್ಟಿತು. ವರ್ಷದ ಅರ್ಧಕ್ಕೇ ಆಸೆ ಕೈಬಿಟ್ಟ ತಂಡದ ಅಭಿಮಾನಿ ಅಲ್ಲಿಂದ ಮುಂದೆ ಪ್ರತಿ ಸೋಲನ್ನೂ ಹುಂಡಿಗೆ ಹಾಕಿದ ಕಾಸಿನಂತೆ ಎಣಿಸತೊಡಗುತ್ತಾನೆ.

ಅವನ ಪಕ್ಷದ ವಾದ ಪೂರ್ತಿ ಟೊಳ್ಳಲ್ಲ. 2011ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ 16 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದಿತು. ಅದರ ಹೆಸರಾಂತ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಆಟಗಾರ) ಪೇಟನ್ ಮ್ಯಾನಿಂಗ್ ಕುತ್ತಿಗೆ ನೋವಿನಿಂದ ಇಡೀ ವರ್ಷ ಕಣಕ್ಕಿಳಿಯಲಿಲ್ಲ. ಸೋತದ್ದರ ಫಲವಾಗಿ ಮೊದಲ ಸರದಿ ಸಿಕ್ಕಿತು, ಆಂಡ್ರೂ ಲಕ್ ಎಂಬ ಪ್ರತಿಭಾವಂತ ಬಂದರು. ಮುಂದಿನ ಮೂರು ವರ್ಷವೂ ತಂಡ 16ರಲ್ಲಿ ತಲಾ 11 ಪಂದ್ಯ ಗೆದ್ದಿತು. ಸೋಲಲಿ ಎಂದು ಬಯಸಿದ್ದವರು ‘ನಾವು ಹೇಳಿರಲಿಲ್ಲವೇ?’ ಎಂದು ಎದೆ ತಟ್ಟಿಕೊಳ್ಳುವ ಹಾಗಾಯಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಗಾಯದ ಮೇಲೆ ಗಾಯ ತಿಂದ ಲಕ್, 2019ರ ಆಗಸ್ಟ್‌ನಲ್ಲಿ, 29ನೇ ವಯಸ್ಸಿಗೇ ನಿವೃತ್ತಿ ಘೋಷಿಸಿದರು. ಅಷ್ಟು ವರ್ಷದಲ್ಲಿ ತಂಡ ಸೂಪರ್ ಬೌಲ್ ಫೈನಲನ್ನು ಒಮ್ಮೆಯೂ ತಲುಪಿರಲಿಲ್ಲ. ಸುದ್ದಿ ಸೋರಿದ ಹೊತ್ತಿನಲ್ಲಿ ಅಭ್ಯಾಸ ಪಂದ್ಯವೊಂದು ನಡೆಯುತ್ತಿತ್ತು. ಮೈದಾನದಿಂದ ಹೊರಟ ಅವರನ್ನು ಸ್ವಂತ ಊರಿನ ಪ್ರೇಕ್ಷಕರೇ ಹೀಯಾಳಿಸಿದರು.

ನ್ಯೂಯಾರ್ಕ್ ಜೆಟ್ಸ್‌ನದು ಇನ್ನೂ ವಿಚಿತ್ರ. 2020ರಲ್ಲಿ ಅದು ಮೊದಲ 13 ಪಂದ್ಯಗಳನ್ನೂ ಸೋತಿತು. ಟ್ರೆವರ್ ಲಾರೆನ್ಸ್ ಎಂಬ ಹುಡುಗ ತಮ್ಮವನೇ ಎಂದು ಅಭಿಮಾನಿಗಳು ನಿಶ್ಚಿಂತರಾಗಿದ್ದರು. ಡಿಸೆಂಬರ್ 20ರಂದು ಲಾಸ್ ಏಂಜಲೀಸ್‌ನಲ್ಲಿ ಬಲಿಷ್ಠ ರ್‍ಯಾಮ್ಸ್ ತಂಡವನ್ನು ಜೆಟ್ಸ್ 23-20ರಿಂದ ಸೋಲಿಸಿಬಿಟ್ಟಿತು! ಆಟಗಾರರು ಕುಣಿದರು, ಅಭಿಮಾನಿಗಳು ತಲೆ ಮೇಲೆ ಕೈ ಹೊತ್ತರು. ಮುಂದಿನ ವಾರ ಇನ್ನೊಂದು ಗೆಲುವು. ಮೊದಲ ಸರದಿ ಜಾಕ್ಸನ್‌ವಿಲ್‌ಗೆ ಜಾರಿತು, ಲಾರೆನ್ಸ್ ಅಲ್ಲಿಗೆ ಹೋದರು. ಎರಡನೇ ಸರದಿಯಲ್ಲಿ ಜೆಟ್ಸ್ ಆರಿಸಿದ ಜ್ಯಾಕ್ ವಿಲ್ಸನ್ ನೆಲೆಯೂರಲಿಲ್ಲ. 2024ರಲ್ಲಿ ಅವರನ್ನು ಡೆನ್ವರ್‌ಗೆ ದಾಟಿಸಿದರು. ಹಾಗಾದರೆ ಅಂದು ಗೊಣಗಿದವರ ಲೆಕ್ಕ ಸರಿಯಿತ್ತಲ್ಲವೇ? ಕಾಗದದ ಮೇಲೆ ಸರಿಯಿತ್ತು. ಆದರೆ ಆ ಲೆಕ್ಕದಂತೆ ನಡೆಯಲು ಮೈದಾನದಲ್ಲಿದ್ದವರಿಗೆ ಕಾರಣವೇ ಇರಲಿಲ್ಲ. ಮುಂದಿನ ವರ್ಷ ಲಾರೆನ್ಸ್ ಬಂದರೆ ಹಾಲಿ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್ ಕೆಲಸವೇ ಹೋಗುತ್ತದೆ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳಲಿ ಎಂದು ಆತನನ್ನು ಯಾವ ಬಾಯಿಂದ ಕೇಳುವುದು?

ಸರದಿ ಸಿಕ್ಕ ಮಾತ್ರಕ್ಕೆ ಕಪ್ ಸಿಕ್ಕಿತೆಂದೂ ಅಲ್ಲ. ಏಳು ಸೂಪರ್ ಬೌಲ್ ಗೆದ್ದ ಟಾಮ್ ಬ್ರೇಡಿ 2000ದ ಡ್ರಾಫ್ಟ್‌ನಲ್ಲಿ 199ನೆಯವರಾಗಿ ಆಯ್ಕೆಯಾದವರು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ 2017ರಲ್ಲಿ 16ಕ್ಕೆ 16 ಸೋತಾಗ ಅಭಿಮಾನಿಗಳು ಕೊರೆಯುವ ಚಳಿಯಲ್ಲಿ ಸ್ಟೇಡಿಯಂ ಸುತ್ತ ಸೊನ್ನೆಯಾಕಾರದಲ್ಲಿ ಮೆರವಣಿಗೆ ಮಾಡಿದರು. ಇಂಥ ಹಾಸ್ಯಪ್ರಜ್ಞೆಗೆ ಕೈ ಮುಗಿಯಬೇಕು. ಆ ಸೊನ್ನೆಯಿಂದ ಬಂದ ಬೇಕರ್ ಮೇಫೀಲ್ಡ್ ನಾಲ್ಕೇ ವರ್ಷದಲ್ಲಿ ಬೇರೆ ತಂಡದ ಪಾಲಾದರು. ಬಾಸ್ಕೆಟ್‌ಬಾಲ್‌ನಲ್ಲಂತೂ ಫಿಲಡೆಲ್ಫಿಯಾ ತಂಡ 2013ರಿಂದ 2016ರವರೆಗೆ ಯೋಜನೆ ಹಾಕಿಕೊಂಡೇ ತಳದಲ್ಲಿ ಕುಳಿತಿತು. ಮೂರು ವರ್ಷದ 246 ಪಂದ್ಯಗಳಲ್ಲಿ ಗೆದ್ದದ್ದು 47. ಜೋಯಲ್ ಎಂಬೀಡ್‌ನಂಥ ದೊಡ್ಡ ಆಟಗಾರ ಸಿಕ್ಕರು. ಆದರೂ 2025ರವರೆಗೆ ತಂಡ ಪ್ಲೇಆಫ್‌ನ ಎರಡನೇ ಸುತ್ತು ದಾಟಲಿಲ್ಲ. ಈ ಚಾಳಿ ತಡೆಯಲೆಂದೇ ಬಾಸ್ಕೆಟ್‌ಬಾಲ್ ಲೀಗ್ 1985ರಲ್ಲಿ ಮೊದಲ ಸರದಿಯನ್ನು ಲಾಟರಿಗೆ ಬಿಟ್ಟಿತ್ತು. 2025ರ ಲಾಟರಿ ಗೆದ್ದದ್ದು ಶೇ 1.8ರಷ್ಟೇ ಅವಕಾಶವಿದ್ದ ಡಲ್ಲಾಸ್.

ಈಗ ನಮ್ಮ ಬಸ್ಸಿಗೆ ವಾಪಸ್ ಬರೋಣ. ಆರ್‌ಸಿಬಿ 2024ರಲ್ಲಿ ಉಳಿದ ಆರನ್ನೂ ಸೋತಿದ್ದರೆ ಏನು ಸಿಗುತ್ತಿತ್ತು? ಏನೂ ಇಲ್ಲ. ಐಪಿಎಲ್‌ನಲ್ಲಿ ಡ್ರಾಫ್ಟ್ ಇಲ್ಲ, ಹರಾಜಿದೆ. 2024ರ ನವೆಂಬರ್‌ನಲ್ಲಿ ಜಿದ್ದಾದಲ್ಲಿ ನಡೆದ ಮೆಗಾ ಹರಾಜಿಗೆ ಹತ್ತೂ ತಂಡಗಳಿಗೆ ಇದ್ದ ಮಿತಿ ಒಂದೇ, 120 ಕೋಟಿ ರೂಪಾಯಿ. ಕಪ್ ಎತ್ತಿದ ಕೋಲ್ಕತ್ತಕ್ಕೂ ಅಷ್ಟೇ, ಕೊನೆಯಲ್ಲಿ ಉಳಿದ ಮುಂಬೈಗೂ ಅಷ್ಟೇ. ಹರಾಜಿಗೆ ಮುಂಚೆಯೇ ಆಟಗಾರರನ್ನು ಆರಿಸಿಕೊಳ್ಳುವ ಸವಲತ್ತು 2022ರಲ್ಲಿ ಸಿಕ್ಕದ್ದು ಹೊಸದಾಗಿ ಸೇರಿದ ಲಖನೌ ಮತ್ತು ಅಹಮದಾಬಾದ್ ತಂಡಗಳಿಗೆ, ನಮ್ಮ ಕೆ.ಎಲ್. ರಾಹುಲ್ ಲಖನೌಗೆ ಹೋದದ್ದು ಹಾಗೆ. ಸೋತವರಿಗೆಂದು ಮೀಸಲಿಟ್ಟದ್ದು ಅಲ್ಲಿ ಏನೂ ಇರಲಿಲ್ಲ. ಆರ್‌ಸಿಬಿ 2017ರಲ್ಲೂ 2019ರಲ್ಲೂ ತಳ ಕಂಡಿದೆ. 2017ರಲ್ಲಂತೂ ಇದೇ ಈಡನ್‌ನಲ್ಲಿ 49 ರನ್ನಿಗೆ ಮುಗಿದುಹೋಯಿತು. ಆ ಎರಡು ವರ್ಷಗಳ ಅವಮಾನ ತಂಡಕ್ಕೆ ಒಬ್ಬ ಆಟಗಾರನನ್ನೂ ಅಗ್ಗದಲ್ಲಿ ತಂದುಕೊಡಲಿಲ್ಲ.

ಕಾಲ್ಚೆಂಡಾಟದಲ್ಲಿ ಈ ಹಾರೈಕೆ ಇನ್ನೂ ಅಪಾಯಕಾರಿ. ಮೇಲಿನ ದರ್ಜೆಯಿಂದ ಕೆಳಗಿಳಿಸುವ ಪದ್ಧತಿ ಇರುವ ಕಡೆ ತಳ ಮುಟ್ಟಿದವರಿಗೆ ಹೊಸ ಆಟಗಾರ ಸಿಗುವುದಿಲ್ಲ, ಇರುವ ಜಾಗವೇ ಹೋಗುತ್ತದೆ. ಬೆಂಗಳೂರಿನ ಎಚ್‌ಎಎಲ್ ತಂಡ ಐ-ಲೀಗ್‌ಗೆ ಏರಿ, ಎರಡು ವರ್ಷ ಆಡಿ, 2012ರಲ್ಲಿ ಹೊರಬಿದ್ದದ್ದು ಹೀಗೆಯೇ. ಬೆಂಗಳೂರು ಎಫ್‌ಸಿ ಆಡುವ ಐಎಸ್‌ಎಲ್‌ನಲ್ಲಿ ಆ ಭಯ ಇರಲಿಲ್ಲ. 2023-24ರಲ್ಲಿ ಬಿಎಫ್‌ಸಿ 12 ತಂಡಗಳಲ್ಲಿ ಹತ್ತನೆಯದಾಯಿತು. ಮರುವರ್ಷವೇ ಫೈನಲ್ ತಲುಪಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿತು. ನಡುವೆ ಸೋಲಿನ ಬಹುಮಾನವಾಗಿ ಯಾರೂ ಬರಲಿಲ್ಲ. ನಲವತ್ತರ ಸುನಿಲ್ ಚೆಟ್ರಿ ಆ ಋತುವಿನಲ್ಲಿ 14 ಗೋಲು ಹೊಡೆದರು, ಅಷ್ಟೇ.

ಸೋಲೂರು ಹೋಬಳಿಯ ಹಳ್ಳಿಗಳಿಗೆ ಇವೆರಡಕ್ಕಿಂತ ಹತ್ತಿರದ ಆಟ ಕಬಡ್ಡಿ. 2024ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯಗಳಲ್ಲಿ ಎರಡೇ ಗೆದ್ದು ಹನ್ನೆರಡನೆಯದಾಗಿ ಕುಳಿತಿತು. ಮುಂದಿನ ಋತುವಿಗೆ ಮಾಡಿದ ದೊಡ್ಡ ಬದಲಾವಣೆ ಕೋಚ್‌ನದು. ಕನ್ನಡಿಗರೇ ಆದ ಬಿ.ಸಿ. ರಮೇಶ್ ಮರಳಿ ಬಂದರು. 2019ರ ಜನವರಿಯಲ್ಲಿ ಬುಲ್ಸ್ ಕಪ್ ಗೆದ್ದಾಗ ತರಬೇತುದಾರರ ಬಳಗದಲ್ಲಿದ್ದವರು, ಆಮೇಲೆ ಬಂಗಾಳಕ್ಕೂ ಪುಣೆಗೂ ಕಪ್ ಗೆಲ್ಲಿಸಿಕೊಟ್ಟವರು. 2025ರಲ್ಲಿ ಬುಲ್ಸ್ ಮೊದಲ ಪಂದ್ಯಗಳನ್ನು ಸೋತರೂ ಚೇತರಿಸಿಕೊಂಡು ಮುಂದಿನ ಹಂತಕ್ಕೇರಿತು. ಶಾಲೆಯ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹುಡುಗರನ್ನು ಕರೆದುಕೊಂಡು ಹೋಗುವ ಪಿ.ಟಿ. ಮೇಷ್ಟ್ರನ್ನು ಕೇಳಿದರೆ ಈ ಚರ್ಚೆಯೇ ಅವರಿಗೆ ತಮಾಷೆ ಅನಿಸೀತು. ಅಲ್ಲಿ ಒಂದು ಪಂದ್ಯ ಸೋತರೆ ತಾಲ್ಲೂಕು ಮಟ್ಟವೂ ಇಲ್ಲ, ಜಿಲ್ಲೆಯೂ ಇಲ್ಲ. ಮಧ್ಯಾಹ್ನದ ಊಟ ಮುಗಿಸಿ ಮನೆಗೆ.

ಸೋಲುವುದರಿಂದಲೇ ಲಾಭವಿದ್ದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಅನುಭವಿಸಿದ ಕನ್ನಡದ ಹೆಣ್ಣುಮಗಳೊಬ್ಬರಿದ್ದಾರೆ: ಕೊಡಗು ಮೂಲದ, ಬೆಂಗಳೂರಿನಲ್ಲಿ ಹುಟ್ಟಿದ ಅಶ್ವಿನಿ ಪೊನ್ನಪ್ಪ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಡಬಲ್ಸ್‌ಗೆ ಮೊದಲ ಬಾರಿ ಗುಂಪು ಹಂತ ತಂದಿದ್ದರು. ಗುಂಪಿನಲ್ಲಿ ಎರಡನೆಯವರಾದರೆ ಮುಂದಿನ ಹಾದಿ ಸುಲಭವಾಗುತ್ತದೆ ಎಂಬ ಸ್ಥಿತಿ ಬಂದಾಗ ಚೀನಾದ ಅಗ್ರ ಜೋಡಿ, ಕೊರಿಯಾದ ಎರಡು ಜೋಡಿ, ಇಂಡೊನೇಷ್ಯಾದ ಒಂದು ಜೋಡಿ ಬೇಕೆಂದೇ ಸರ್ವ್‌ಗಳನ್ನು ನೆಟ್ಟಿಗೆ ಹೊಡೆದರು, ಶಟಲ್ ಹೊರಗೆ ಅಟ್ಟಿದರು. ವೆಂಬ್ಲಿ ಅರೀನಾದಲ್ಲಿ ದುಡ್ಡು ಕೊಟ್ಟು ಕೂತಿದ್ದ ಜನ ಕೂಗಾಡಿದರು. ಮರುದಿನ ಎಂಟೂ ಆಟಗಾರ್ತಿಯರನ್ನು ಕೂಟದಿಂದಲೇ ಹೊರಗಟ್ಟಲಾಯಿತು. ಇತ್ತ ಅಶ್ವಿನಿ ಮತ್ತು ಜ್ವಾಲಾ ಗುಟ್ಟಾ ತಮ್ಮ ಗುಂಪಿನಲ್ಲಿ ಎರಡು ಪಂದ್ಯ ಗೆದ್ದು ಜಪಾನ್, ತೈಪೆ ಜೋಡಿಗಳ ಸಮಕ್ಕೆ ನಿಂತಿದ್ದರು. ಒಂದೇ ಒಂದು ಪಾಯಿಂಟಿನ ಅಂತರದಲ್ಲಿ ಹೊರಬಿದ್ದರು. ತೈಪೆ ಎದುರು ಜಪಾನ್ ಸೋತ ರೀತಿಯ ಬಗ್ಗೆ ಭಾರತ ದೂರು ಕೊಟ್ಟಿತು, ದೂರು ತಿರಸ್ಕೃತವಾಯಿತು. ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದಿದ್ದ ಜೋಡಿ ಅದು.

ಗೆಲ್ಲಲೆಂದೇ ಆಡಿದವರು ಬೇರೆಯವರ ಲೆಕ್ಕಾಚಾರದ ನಡುವೆ ಹೇಗೆ ಸಿಕ್ಕಿಕೊಳ್ಳುತ್ತಾರೆ ಎಂಬುದು ಅಲ್ಲಿ ಕಂಡಿತು. ಸೋಲಿನಲ್ಲಿ ಲಾಭ ಹುಡುಕುವುದು ಮಾಲೀಕನ ಕೆಲಸ ಆಗಬಹುದು. ಅವನ ಬಳಿ ಐದು ವರ್ಷದ ಯೋಜನೆ ಇರುತ್ತದೆ, ತಂಡದ ಬೆಲೆ ಸೋತರೂ ಏರುತ್ತಿರುತ್ತದೆ. ಆಟಗಾರನಿಗೆ ಇರುವುದು ಮೊಣಕಾಲು ಗಟ್ಟಿ ಇರುವಷ್ಟು ವರ್ಷ. ಅಭಿಮಾನಿಗೆ ಇರುವುದು ಆ ಸಂಜೆಯ ಮೂರು ಗಂಟೆ. ತನ್ನ ಸಂಜೆಯನ್ನು ಹಾಳು ಮಾಡಿಕೊಂಡು ಮಾಲೀಕನ ಪುಸ್ತಕ ಬರೆದುಕೊಡುವ ಅಭಿಮಾನಿ ಸಂಬಳವಿಲ್ಲದ ಗುಮಾಸ್ತ. ಟಿಕೆಟ್ ಹಣವನ್ನೂ ಅವನೇ ಕೊಟ್ಟಿರುತ್ತಾನೆ.

ಒಂದನ್ನು ಮಾತ್ರ ಅವನ ಪರವಾಗಿ ಒಪ್ಪಬೇಕು. ಆಸೆ ಮುಗಿದ ಮೇಲೆ ಹಳಬರನ್ನು ಕೂರಿಸಿ ಬೆಂಚಿನಲ್ಲಿರುವ ಹುಡುಗರನ್ನು ಆಡಿಸಿ ಎಂದು ಕೇಳುವುದು ನ್ಯಾಯ. ಹುಡುಗರು ಸೋಲಲೂಬಹುದು. ಆದರೆ ಅದು ಸೋಲಿಗಾಗಿ ಮಾಡಿದ ಪ್ರಾರ್ಥನೆಯಲ್ಲ. ಆ ಹುಡುಗರು ಗೆಲ್ಲಲೆಂದೇ ಮೈದಾನಕ್ಕಿಳಿಯುತ್ತಾರೆ.

ಪಂದ್ಯ ಕೈಬಿಟ್ಟಿತೆಂದು ಮುಂಚೆಯೇ ತೀರ್ಮಾನಿಸುವುದರಲ್ಲಿ ಇನ್ನೊಂದು ನಷ್ಟವೂ ಇದೆ. 1996ರ ಅಕ್ಟೋಬರ್ 21ರಂದು ಚಿನ್ನಸ್ವಾಮಿಯಲ್ಲಿ ಟೈಟನ್ ಕಪ್ ಪಂದ್ಯ. ಆಸ್ಟ್ರೇಲಿಯಾ ಎದುರು 216 ರನ್ ಬೆನ್ನಟ್ಟಿದ್ದ ಭಾರತ ಸಚಿನ್ ಔಟಾದ ಮೇಲೆ 164ಕ್ಕೆ 8 ವಿಕೆಟ್ ಕಳೆದುಕೊಂಡಿತ್ತು. ಕ್ರೀಸಿನಲ್ಲಿದ್ದವರು ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ. ಕುಂಬ್ಳೆಯವರ ತಾಯಿ ಸ್ಟ್ಯಾಂಡಿನಲ್ಲಿ ಕೂತಿದ್ದದ್ದನ್ನು ಟಿ.ವಿ.ಯಲ್ಲಿ ಕಂಡವರಿಗೆ ಇಂದಿಗೂ ಆ ಮುಖ ನೆನಪಿದೆ. ಇಬ್ಬರೂ ಮುರಿಯದ 52 ರನ್ ಸೇರಿಸಿ ಪಂದ್ಯ ಮುಗಿಸಿದರು.

2024ಕ್ಕೂ ಅದೇ ಮಾತು. ಈಡನ್‌ನ ಸೋಲಾದ ನಾಲ್ಕನೇ ದಿನ ಹೈದರಾಬಾದಿನಲ್ಲಿ ಶುರುವಾದ ಗೆಲುವು ಸತತ ಆರಕ್ಕೆ ಮುಟ್ಟಿತು. ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈ ಪ್ಲೇಆಫ್‌ಗೆ ಹೋಗಲು ಕೊನೆಯ ಓವರಿನಲ್ಲಿ 17 ರನ್ ಸಾಕಿತ್ತು. ಮೊದಲ ಚೆಂಡನ್ನು ಧೋನಿ ಛಾವಣಿಯಾಚೆ ಅಟ್ಟಿದರು, ಎರಡನೆಯದಕ್ಕೆ ಔಟಾದರು, ಪ್ಲೇಆಫ್‌ಗೆ ಹೋದದ್ದು ಬೆಂಗಳೂರು. ನಾಲ್ಕು ದಿನ ಕಳೆದು ಅಹಮದಾಬಾದಿನಲ್ಲಿ ರಾಜಸ್ಥಾನದ ಎದುರು ಸೋತು ಮನೆಗೆ ಬಂದದ್ದು ನಿಜ. ಕಪ್ ಬರಲು 2025ರ ಜೂನ್ 3ರವರೆಗೆ ಕಾಯಬೇಕಾಯಿತು. ಬಸ್ಸಿನ ಲೆಕ್ಕದಂತೆ ಆ ಆರನ್ನೂ ಸೋತಿದ್ದರೆ ಕಪ್ ಒಂದು ದಿನ ಮುಂಚೆಯೂ ಬರುತ್ತಿರಲಿಲ್ಲ, ಮೇ 18ರ ಆ ರಾತ್ರಿಯೂ ಇರುತ್ತಿರಲಿಲ್ಲ.

ನಮ್ಮಲ್ಲೂ ಯಾವುದಾದರೂ ಲೀಗ್ ಮುಂದೆ ಡ್ರಾಫ್ಟ್ ಪದ್ಧತಿ ತರಬಹುದು. ತರುವವರು ಉತ್ತರ ಅಮೆರಿಕದ ಮಹಿಳಾ ಐಸ್ ಹಾಕಿ ಲೀಗನ್ನು ಒಮ್ಮೆ ನೋಡುವುದು ಒಳ್ಳೆಯದು. 2024ರ ಜನವರಿಯಲ್ಲಿ ಶುರುವಾದ ಆ ಲೀಗಿನಲ್ಲಿ ಪ್ಲೇಆಫ್‌ನ ಆಸೆ ಕಳೆದುಕೊಂಡ ಕ್ಷಣದಿಂದ ತಂಡಕ್ಕೆ ಹೊಸ ಖಾತೆ ತೆರೆಯುತ್ತದೆ. ಆಮೇಲಿನ ಪಂದ್ಯಗಳಲ್ಲಿ ಯಾರು ಹೆಚ್ಚು ಅಂಕ ಗಳಿಸುತ್ತಾರೋ ಅವರಿಗೆ ಡ್ರಾಫ್ಟ್‌ನ ಮೊದಲ ಸರದಿ. ದುರ್ಬಲ ತಂಡ ಬೇಗ ಹೊರಬೀಳುವುದರಿಂದ ಅಂಕ ಗಳಿಸಲು ಅದಕ್ಕೆ ಹೆಚ್ಚು ಪಂದ್ಯ ಸಿಗುತ್ತವೆ, ಗೆದ್ದರೆ ಮಾತ್ರ ಫಲ. ಮೊದಲ ವರ್ಷ ಪಟ್ಟಿಯ ತಳದಲ್ಲಿದ್ದ ನ್ಯೂಯಾರ್ಕ್ ಹೀಗೆ ಗೆದ್ದೇ ಮೊದಲ ಸರದಿ ಪಡೆದು, ಸಾರಾ ಫಿಲಿಯರ್ ಅವರನ್ನು ಆರಿಸಿಕೊಂಡಿತು.