ಹೇಳಿದಷ್ಟೇ ಮಾಡುವ ರೂಬಿ

ಫಿನ್ಲೆಂಡಿನ ಲಿಂಡಾ ಲಿಯುಕಾಸ್ 2015ರಲ್ಲಿ ‘ಹಲೋ ರೂಬಿ’ ಎಂಬ ಚಿತ್ರಪುಸ್ತಕ ತಂದರು. ಕೋಡಿಂಗ್ ಕಲಿಸುವ ಪುಸ್ತಕ, ಆದರೆ ಕಂಪ್ಯೂಟರಿನ ಹಂಗಿಲ್ಲ. ಅದರಲ್ಲೊಬ್ಬಳು ಪುಟ್ಟ ಹುಡುಗಿ, ರೂಬಿ. ಅಪ್ಪ ಬಟ್ಟೆ ಹಾಕ್ಕೋ ಎಂದರೆ ಪೈಜಾಮದ ಮೇಲೆಯೇ ಫ್ರಾಕ್ ಏರಿಸಿಬಿಡುತ್ತಾಳೆ. ಪೈಜಾಮ ಬಿಚ್ಚು ಅಂತ ಅಪ್ಪ ಹೇಳಿರಲಿಲ್ಲವಲ್ಲ! ಕಂಪ್ಯೂಟರೂ ಅಂಥದ್ದೇ ಹಟಮಾರಿ: ಹೇಳಿದಷ್ಟೇ ಮಾಡುತ್ತದೆ, ಹೇಳದ್ದನ್ನು ಊಹಿಸುವುದಿಲ್ಲ. ದುಬಾರಿ ಕೋಚಿಂಗಿಗಿಂತ ಈ ಫ್ರಾಕಿನ ಪಾಠವೇ ನನಗೆ ಮೇಲು.

ಈ ಪಾಠವನ್ನು ಮನೆಯಲ್ಲೇ ಆಡಿ ನೋಡಬಹುದು. ಇವತ್ತು ನಿಮ್ಮ ಮಗುವಿಗೆ ಹೇಳಿ: ‘ನನಗೆ ಹಲ್ಲುಜ್ಜಲು ಬರುವುದಿಲ್ಲ, ಒಂದೊಂದೇ ಹೆಜ್ಜೆ ಹೇಳಿಕೊಡು.’ ಮಗು ಹೇಳಿದಷ್ಟನ್ನೇ ಮಾಡಿ. ಪೇಸ್ಟಿನ ಮುಚ್ಚಳ ತೆಗೆ ಅನ್ನುವುದನ್ನು ಮರೆತರೆ, ಮುಚ್ಚಳ ಸಮೇತ ಬ್ರಶ್ಶಿಗೆ ಒತ್ತಿ ತೋರಿಸಿ.