ಗುರುಗುಟ್ಟುವ ಗುರು

ಮನೆಯಲ್ಲಿ ಹಳೆಯ ನಾಯಿಯೊಂದಿರುವಾಗ ಹೊಸ ಮರಿಯನ್ನು ತಂದು ಬಿಟ್ಟವರಿಗೆ ನಾನು ಹೇಳಹೊರಟ ಸಂಗತಿ ಹೊಸದೇನಲ್ಲ. ಮುಂದೆಂದಾದರೂ ತರಬಹುದಾದವರು ಮಾತ್ರ ನಾಲ್ಕು ನಿಮಿಷ ನನ್ನೊಡನೆ ಕೂರಬೇಕೆಂದು ಪ್ರಾರ್ಥನೆ.

ನಮ್ಮ ಮನೆ ಬೆಂಗಳೂರಿನ ಪಶ್ಚಿಮಕ್ಕಿರುವ ಮಲ್ಲತ್ತಹಳ್ಳಿಯಲ್ಲಿ. ಒಂದು ಮಳೆಗಾಲದ ಸಂಜೆ ನನ್ನ ಮಗಳು ಕೆರೆಯ ಕಡೆಯಿಂದ ಎರಡು ತಿಂಗಳ ಬೀದಿಮರಿಯೊಂದನ್ನು ಟವಲಿನಲ್ಲಿ ಸುತ್ತಿಕೊಂಡು ಬಂದಳು. ಮನೆಯಲ್ಲಿ ಆಗಲೇ ಒಂಬತ್ತು ವರ್ಷದ ಕರಿಯನಿದ್ದ. ಮರುದಿನದಿಂದಲೇ ಮರಿಯ ಪ್ರತಾಪ ಮೊದಲಾಯಿತು. ಕರಿಯನ ಕಿವಿ ಹಿಡಿದು ಜೋತಾಡುವುದು, ಬಾಲ ಎಳೆಯುವುದು, ಮಲಗಿದವನ ಬೆನ್ನ ಮೇಲೆ ಹಾರುವುದು. ಕರಿಯ ಮೊದಲು ಮುಖ ತಿರುಗಿಸಿದ. ಬಳಿಕ ಎದ್ದು ಬೇರೆ ಮೂಲೆಗೆ ಹೋದ. ಅಲ್ಲಿಗೂ ಮರಿ ಬಂದಾಗ ಹಲ್ಲು ಕಿರಿದು ಗುರುಗುಟ್ಟಿದ. ಮರಿ ಕುಂಯ್ ಎಂದಿತು. ನಾನು ನ್ಯಾಯಾಧೀಶನಂತೆ ಎದ್ದು, ಮಡಿಸಿದ ವೃತ್ತಪತ್ರಿಕೆಯಿಂದ ಕರಿಯನ ಮೂತಿಗೆ ಒಂದು ಬಿಟ್ಟೆ. “ದೊಡ್ಡವನು ನೀನು, ಬುದ್ಧಿ ಬೇಡವೇನೋ?”

ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಕರಿಯ ಗುರುಗುಟ್ಟುವುದನ್ನೇ ಬಿಟ್ಟ. ಶಾಂತಿ ನೆಲೆಸಿತೆಂದು ನಾನು ಹಿಗ್ಗಿದೆ. ಆ ವಾರದ ಕೊನೆಗೆ ಅವನು ಸದ್ದೇ ಇಲ್ಲದೆ ಮರಿಯ ಕಿವಿ ಹರಿಯುವಂತೆ ಕಚ್ಚಿದ. ಒಂಬತ್ತು ವರ್ಷ ಬಾಗಿಲು ಕಾದವನನ್ನು ಯಾರಿಗಾದರೂ ಕೊಟ್ಟುಬಿಡೋಣವೆಂಬ ಮಾತು ಮನೆಯಲ್ಲಿ ಹುಟ್ಟಿತು.

ಮರಿಗೆ ಹೊಲಿಗೆ ಹಾಕಿದ ಪಶುವೈದ್ಯರು ನನ್ನ ಕಥೆಯನ್ನೆಲ್ಲ ಕೇಳಿ ಹೇಳಿದರು: “ಮೇಷ್ಟ್ರೇ, ಶಾಲೆಯ ಗಂಟೆಯನ್ನು ನೀವೇ ಕಿತ್ತುಹಾಕಿದಿರಿ. ಈಗ ಗಂಟೆ ಹೊಡೆಯಲಿಲ್ಲವೆಂದು ದೂರುತ್ತೀರಿ.”

ಅವರ ಮಾತಿನ ಅರ್ಥ ಇಷ್ಟು. ಮರಿಗೆ ಸೂಜಿಯಂಥ 28 ಹಾಲುಹಲ್ಲುಗಳು. ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ನೋವು ಎಂಬ ಪಾಠವನ್ನು ಅದು ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ಕಲಿಯಬೇಕು. ಬೇಗ ಅಗಲಿದ ಮರಿಗೆ ಆ ಪಾಠ ಅರ್ಧಕ್ಕೆ ನಿಂತಿರುತ್ತದೆ. ಉಳಿದರ್ಧವನ್ನು ಹೇಳಿಕೊಡುವುದು ಮನೆಯ ಹಿರಿಯ ನಾಯಿ. ಮುಖ ತಿರುಗಿಸುವುದು, ದೂರ ಹೋಗುವುದು, ಗುರುಗುಟ್ಟುವುದು, ಗಾಳಿಯಲ್ಲಿ ಬಾಯಿ ಹಾಕುವುದು, ಕೊನೆಗೆ ಕಚ್ಚುವುದು—ಇವು ಅದರ ಮೆಟ್ಟಿಲುಗಳು. ನಡುವಿನ ಮೆಟ್ಟಿಲನ್ನು ನಾವು ಕಿತ್ತರೆ ಅದು ಮೇಲಿನದಕ್ಕೆ ಜಿಗಿಯುತ್ತದೆ. ಗದ್ದಲದ ತರಗತಿಯಲ್ಲಿ ನಾನು ದನಿ ಎತ್ತಿದಾಗಲೆಲ್ಲ ಹೆಡ್‌ಮಾಸ್ತರರು ಬಂದು ನನಗೇ ಹೊಡೆದಿದ್ದರೆ ನನ್ನ ಗತಿ ಏನಾಗುತ್ತಿತ್ತು!

ಹಾಗೆಂದು ಎಲ್ಲವನ್ನೂ ಹಿರಿಯನಿಗೇ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ಆಟಕ್ಕೂ ಜಗಳಕ್ಕೂ ಇರುವ ಭೇದವನ್ನು ನಾವು ತಿಳಿಯಬೇಕು. ಮುಂಗಾಲು ಚಾಚಿ ಎದೆ ತಗ್ಗಿಸಿ ಹಿಂಭಾಗವನ್ನು ಮೇಲೆತ್ತಿದರೆ ಅದು ಆಟದ ಆಹ್ವಾನ. ಮೈ ಸಡಿಲವಾಗಿದ್ದು, ಒಮ್ಮೆ ಇದು ಕೆಳಗೆ ಒಮ್ಮೆ ಅದು ಕೆಳಗೆ ಬೀಳುತ್ತ, ನಡುನಡುವೆ ನಿಲ್ಲುತ್ತಿದ್ದರೆ, ಎಷ್ಟೇ ಸದ್ದಾದರೂ ಅದು ಆಟವೇ. ಮೈ ಬಿಗಿದು, ಬಾಯಿ ಮುಚ್ಚಿ, ನೋಟ ನೆಟ್ಟರೆ. ಒಂದೇ ಸದಾ ಅಟ್ಟಿ, ಇನ್ನೊಂದು ಬಾಲ ಮುದುರಿ ಮಂಚದಡಿ ಸೇರಿದರೆ ಅದು ಆಟವಲ್ಲ. ಸಂದೇಹವಾದರೆ ಮೇಲೆ ಬೀಳುತ್ತಿರುವುದನ್ನು ಒಂದು ಗಳಿಗೆ ಹಿಡಿದುಕೊಳ್ಳಿ. ಇನ್ನೊಂದು ತಾನಾಗಿಯೇ ಮರಳಿ ಬಂದರೆ ಬಿಟ್ಟುಬಿಡಿ. ಸರಿದು ಹೋದರೆ ಅದಕ್ಕೆ ಸಾಕಾಗಿದೆಯೆಂದೇ ತಿಳಿಯಿರಿ.

ನಾವು ಮಾಡಿದ್ದು ಕೆಲವೇ ಕೆಲಸ. ಎರಡಕ್ಕೂ ಬೇರೆ ಬೇರೆ ಕಡೆ ಊಟ. ಮರಿ ನುಗ್ಗದಂತೆ ಅಡ್ಡಹಲಗೆ ಇಟ್ಟು ಕರಿಯನಿಗೊಂದು ಮೂಲೆ. ಬಳಲಿದ ಮರಿ ಬಳಲಿದ ಮಗುವಿನಂತೆಯೇ ರಚ್ಚೆ ಹಿಡಿದು ಹೆಚ್ಚು ಕಚ್ಚುತ್ತದೆಯಾದ್ದರಿಂದ ಅದಕ್ಕೆ ಹೊತ್ತಿಗೆ ಸರಿಯಾಗಿ ನಿದ್ದೆ. ವೈದ್ಯರು ಕರಿಯನನ್ನೂ ಪರೀಕ್ಷಿಸಿದರು. ಹಿಂಗಾಲಿನ ಕೀಲಿನಲ್ಲಿ ನೋವಿತ್ತು. ನಾವು ಸಿಡುಕೆಂದು ಬಗೆದದ್ದು ಬಾಧೆಯಾಗಿತ್ತು. ಎರಡಕ್ಕೂ ರೇಬೀಸ್ ಲಸಿಕೆಯನ್ನು ತಪ್ಪಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವೊಂದುಂಟು. ಮಣಲೇರನೆಂಬ ವೀರನು ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ್ದು. ನಾಯಿಯ ಶೌರ್ಯಕ್ಕೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಅದರ ತಾಳ್ಮೆಗೆ ಕಲ್ಲು ಬೇಡ, ಒಂದು ಮೂಲೆ ಕೊಟ್ಟರೆ ಸಾಕು.

ಕರಿಯ ನಮ್ಮಲ್ಲಿಯೇ ಉಳಿದ. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮತ್ತೆ ಗುರುಗುಟ್ಟಿದ. ಮರಿ ಕಿವಿ ಬಿಟ್ಟು, ಹಿಂದೆ ಸರಿದು, ನೆಲಕ್ಕೆ ಎದೆಯೂರಿ ಬಾಲವಾಡಿಸಿತು. ನಾನು ವೃತ್ತಪತ್ರಿಕೆಯನ್ನು ಮಡಿಸಲಿಲ್ಲ. ಬಿಡಿಸಿ ಓದುತ್ತ ಕುಳಿತೆ. ಗುರುಗುಟ್ಟುವ ಎಂಬ ಮಾತಿನಲ್ಲೇ ಗುರು ಇದ್ದಾನೆ ನೋಡಿ. ವ್ಯಾಕರಣ ಇದನ್ನು ಒಪ್ಪುವುದಿಲ್ಲ. ಕರಿಯನನ್ನು ಕಂಡ ಮೇಲೆ ನಾನು ಒಪ್ಪಿದ್ದೇನೆ.